ಹನ್ನೆರಡು ಸೆನ್ಸರ್, ಒಂದೇ ವಿಳಾಸ: ಹಂಚಿಕೊಂಡ ತಂತಿಯಲ್ಲಿ ಯಾರು ಯಾರೆಂದು ಕಂಟ್ರೋಲರಿಗೆ ತಿಳಿಯುವುದು ಹೇಗೆ?

ಪ್ರಶ್ನೆ: ಒಂದು ಕಂಟ್ರೋಲರಿಗೆ ಆರ್‌ಎಸ್-485 ತಂತಿಯ ಮೂಲಕ ಹನ್ನೆರಡು ತಾಪಮಾನದ ಸೆನ್ಸರ್‌ಗಳನ್ನು ಜೋಡಿಸಿದ್ದೇನೆ. ಮಾತುಕತೆ ಮಾಡ್‌ಬಸ್ ಎಂಬ ಸಂವಹನ ಭಾಷೆಯಲ್ಲಿ. ಒಂದೊಂದನ್ನೇ ಪರೀಕ್ಷಿಸಿದಾಗ ಎಲ್ಲವೂ ಸರಿಯಾಗಿದ್ದವು. ಒಟ್ಟಿಗೆ ಜೋಡಿಸಿದ ಮೇಲೆ ಒಮ್ಮೆ ಉತ್ತರ ಬಂದರೆ ಹತ್ತು ಸಲ ಬರುವುದಿಲ್ಲ. ಕಾರ್ಖಾನೆಯಿಂದ ಬರುವಾಗಲೇ ಎಲ್ಲದರ ವಿಳಾಸವೂ 1 ಎಂದು ಆಮೇಲೆ ತಿಳಿಯಿತು. ಯುಎಸ್‌ಬಿ ಸಾಧನವನ್ನು ಚುಚ್ಚಿದ ಕೂಡಲೇ ಕಂಪ್ಯೂಟರ್ ಗುರುತಿಸುತ್ತದೆ, ಇಲ್ಲೇಕೆ ಹಾಗಾಗುವುದಿಲ್ಲ? ಸಾಧನಗಳನ್ನು ತಾನೇ ಹುಡುಕಿ ವಿಳಾಸ ಹಂಚುವ ಪ್ರೋಗ್ರಾಮನ್ನು ನಾನೇ ಬರೆಯಬಹುದೇ? ಸೆನ್ಸರ್‌ಗಳನ್ನೆಲ್ಲ ಈಗಾಗಲೇ ಗೋಡೆಗೆ ಬಿಗಿದಾಗಿದೆ.

ಉತ್ತರ: ಪ್ರೋಗ್ರಾಂ ಬರೆಯಬಹುದು, ಆದರೆ ನೀವು ಅಂದುಕೊಂಡಿರುವ ಪ್ರೋಗ್ರಾಮನ್ನಲ್ಲ. ಗೋಡೆಯ ಮೇಲಿರುವ ಹನ್ನೆರಡಕ್ಕೂ ಒಂದೇ ವಿಳಾಸವಿರುವಾಗ, ಕುಳಿತಲ್ಲಿಂದಲೇ ಅವುಗಳನ್ನು ಬೇರ್ಪಡಿಸುವ ದಾರಿ ಮಾಡ್‌ಬಸ್‌ನಲ್ಲಿ ಇಲ್ಲ. ಒಂದು ಸಲ ನೀವು ಸ್ಕ್ರೂಡ್ರೈವರ್ ಹಿಡಿದು ಓಡಾಡಲೇಬೇಕು. ಆ ಓಡಾಟವನ್ನು ಜಾಣತನದಿಂದ ಮಾಡಿದರೆ ಮುಂದೆ ಸೇರುವ ಸಾಧನಗಳನ್ನು ಪ್ರೋಗ್ರಾಂ ತಾನೇ ಬರಮಾಡಿಕೊಳ್ಳುವಂತೆ ಮಾಡಬಹುದು. ಅದನ್ನು ಕೊನೆಯಲ್ಲಿ ಹೇಳುತ್ತೇನೆ. ‘ಇಲ್ಲೇಕೆ ಆಗುವುದಿಲ್ಲ’ ಎಂಬ ನಿಮ್ಮ ಪ್ರಶ್ನೆಯೇ ಹೆಚ್ಚು ರುಚಿಯಾದದ್ದು, ಮೊದಲು ಅದನ್ನು ನೋಡೋಣ.

ಮಾಡ್‌ಬಸ್ ಹುಟ್ಟಿದ್ದು 1979ರಲ್ಲಿ. ಅದರ ನಿಯಮ ಬಲು ಸರಳ. ತಂತಿಯ ಮೇಲೆ ಒಬ್ಬನೇ ಯಜಮಾನ. ಉಳಿದವರು ತಮ್ಮ ಸಂಖ್ಯೆ ಕರೆದಾಗ ಮಾತ್ರ ಬಾಯಿ ಬಿಡಬೇಕು. 1ರಿಂದ 247ರವರೆಗಿನ ಸಂಖ್ಯೆಗಳು ಸಾಧನಗಳಿಗೆ, 0 ಎಂದರೆ ‘ಎಲ್ಲರೂ ಕೇಳಿ, ಯಾರೂ ಉತ್ತರಿಸಬೇಡಿ’. ಯಾರಿಗೆ ಯಾವ ಸಂಖ್ಯೆ ಎಂಬುದು ಕಂಟ್ರೋಲರಿಗೆ ಮೊದಲೇ ಗೊತ್ತಿರುತ್ತದೆ ಎಂದೇ ಈ ವ್ಯವಸ್ಥೆ ನಂಬಿಕೊಂಡಿದೆ. ಕೈಯಲ್ಲಿ ಹಾಜರಿ ಪುಸ್ತಕವಿರುವ ಮೇಷ್ಟ್ರಿಗಾಗಿ ಮಾಡಿದ ಪದ್ಧತಿ ಅದು. ಪುಸ್ತಕವೇ ಇಲ್ಲದಿದ್ದರೆ ಏನು ಮಾಡಬೇಕು ಎಂಬ ಪ್ರಶ್ನೆಯನ್ನು ಅದು ಕೇಳಿಕೊಳ್ಳಲೇ ಇಲ್ಲ.

ನಿಮ್ಮ ತಂತಿಯಲ್ಲಿ ಈಗ ನಡೆಯುತ್ತಿರುವುದು ಇಷ್ಟು. ಕಂಟ್ರೋಲರ್ ‘ಒಂದು’ ಎಂದು ಕರೆಯುತ್ತದೆ, ಹನ್ನೆರಡೂ ಒಟ್ಟಿಗೆ ಓಗೊಡುತ್ತವೆ. ಆರ್‌ಎಸ್-485ರಲ್ಲಿ ಮಾತನಾಡುವ ಸಾಧನ ಸೊನ್ನೆಯನ್ನೂ ಒಂದನ್ನೂ ಸಮಾನ ಬಲದಿಂದ ತಂತಿಯ ಮೇಲೆ ಹೇರುತ್ತದೆ. ಒಂದು ಸೆನ್ಸರ್ ಸೊನ್ನೆಯ ಕಡೆಗೆ ಎಳೆಯುವಾಗ ಇನ್ನೊಂದು ಒಂದರ ಕಡೆಗೆ ಎಳೆದರೆ ಅಲ್ಲಿ ನಡೆಯುವುದು ಹಗ್ಗಜಗ್ಗಾಟ. ಕಂಟ್ರೋಲರಿಗೆ ತಲುಪುವುದು ಕಲಸುಮೇಲೋಗರ. ಸಂದೇಶದ ಕೊನೆಯ ಎರಡು ಬೈಟ್‌ಗಳ ಸಿಆರ್‌ಸಿ, ಅಂದರೆ ತಪ್ಪು ಹಿಡಿಯುವ ಲೆಕ್ಕ, ತಾಳೆಯಾಗದೆ ಇಡೀ ಉತ್ತರ ಕಸದ ಬುಟ್ಟಿ ಸೇರುತ್ತದೆ. ಹಾಗಾದರೆ ಆ ಹನ್ನೊಂದನೆಯ ಸಲ ಉತ್ತರ ಬಂದದ್ದು ಹೇಗೆ? ಒಂದೇ ಮಾದರಿಯ ಸಾಧನಗಳು, ಒಳಗೆ ಒಂದೇ ಚಿಪ್, ಪಕ್ಕಪಕ್ಕದ ಗೋಡೆಗಳಲ್ಲಿ ಒಂದೇ ತಾಪಮಾನ. ಎಲ್ಲವೂ ಅದೇ ಉತ್ತರವನ್ನು ಹೆಚ್ಚುಕಡಿಮೆ ಅದೇ ಕ್ಷಣಕ್ಕೆ ಕಳಿಸಿದರೆ ಜಗ್ಗಾಟವೇ ಇರುವುದಿಲ್ಲ. ಹನ್ನೆರಡು ಕಂಠಗಳಿಂದ ಒಂದೇ ಹಾಡು ಹೊರಡುತ್ತದೆ. ಈ ಅಪರೂಪದ ಸರಿಯುತ್ತರವೇ ಅತ್ಯಂತ ಅಪಾಯದ್ದು. ಮೇಜಿನ ಮೇಲೆ ಎರಡೇ ಸಾಧನಗಳನ್ನಿಟ್ಟು ಪರೀಕ್ಷಿಸುವವರು ‘ಕೆಲಸ ಮಾಡುತ್ತಿದೆ’ ಎಂದು ಎದ್ದು ಹೋಗುವುದು ಇದನ್ನು ನಂಬಿಯೇ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು: ಮೌನ ಬೇರೆ, ಗಲಾಟೆ ಬೇರೆ. ಯಾವುದೇ ಉತ್ತರ ಬಾರದೆ ಸಮಯ ಮೀರಿದರೆ ಆ ವಿಳಾಸದಲ್ಲಿ ಬಹುಶಃ ಯಾರೂ ಇಲ್ಲ. ಬೈಟ್‌ಗಳು ಬಂದು, ಸಿಆರ್‌ಸಿ ತಾಳೆಯಾಗದಿದ್ದರೆ ಅಲ್ಲಿ ಯಾರೋ ಇದ್ದಾರೆ, ಒಬ್ಬರಿಗಿಂತ ಹೆಚ್ಚು ಇರಬಹುದು. ಅನೇಕ ಮಾಡ್‌ಬಸ್ ಲೈಬ್ರರಿಗಳನ್ನು ಬಳಸುವವರು ಇವೆರಡನ್ನೂ ‘ದೋಷ’ ಎಂಬ ಒಂದೇ ಚೀಲಕ್ಕೆ ತುಂಬಿ ಮರೆತುಬಿಡುತ್ತಾರೆ. ಹುಡುಕಾಟದ ಪ್ರೋಗ್ರಾಂ ಬರೆಯುವವರು ಆ ಚೀಲವನ್ನು ಬಿಚ್ಚಿ ನೋಡಲೇಬೇಕು. ಮುಂದೆ ಹೇಳಲಿರುವ ವಿಧಾನಗಳಲ್ಲಿ ಕೆಲವು ಗಲಾಟೆಯನ್ನೇ ಉತ್ತರವಾಗಿ ಬಳಸಿಕೊಳ್ಳುತ್ತವೆ.

ಎಲ್ಲ ತಂತಿಗಳೂ ಜಗಳಗಂಟಿಗಳಲ್ಲ. ಚಿಪ್ಪುಗಳು ಮಾತಾಡಿಕೊಳ್ಳುವ ಐ2ಸಿ ತಂತಿಯನ್ನು ನೋಡಿ. ಅಲ್ಲಿ ಯಾರೂ ಒಂದನ್ನು ಹೇರುವುದಿಲ್ಲ. ಒಂದು ರೆಸಿಸ್ಟರ್ ತಂತಿಯನ್ನು ಮೇಲಕ್ಕೆ ಎಳೆದು ಹಿಡಿದಿರುತ್ತದೆ, ಸೊನ್ನೆ ಹೇಳಬೇಕಾದವರು ಕೆಳಕ್ಕೆ ಎಳೆಯುತ್ತಾರೆ, ಒಂದು ಹೇಳಬೇಕಾದವರು ಸುಮ್ಮನೆ ಬಿಟ್ಟುಬಿಡುತ್ತಾರೆ. ಹೀಗಾಗಿ ಸೊನ್ನೆಗೆ ಯಾವಾಗಲೂ ಗೆಲುವು. ವಿಳಾಸ 7 ಬಿಟ್‌ಗಳದ್ದು; 128ರಲ್ಲಿ 16 ಕಾಯ್ದಿರಿಸಿದವು, ಬಳಕೆಗೆ ಉಳಿಯುವುದು 112. ಪ್ರತಿ ವಿಳಾಸವನ್ನೂ ಕರೆದು, ಓಗೊಡಲೆಂದೇ ಮೀಸಲಾದ ಒಂಬತ್ತನೆಯ ಗಡಿಯಾರ ಮಿಡಿತದಲ್ಲಿ ಯಾರಾದರೂ ತಂತಿಯನ್ನು ಕೆಳಕ್ಕೆ ಎಳೆದರೇ ಎಂದು ನೋಡಿದರೆ ಹುಡುಕಾಟ ಮುಗಿಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಪಟ್ಟಿ ಸಿದ್ಧ.

ಆದರೆ ಆ ಪಟ್ಟಿ ವಿಳಾಸಗಳದ್ದು, ಸಾಧನಗಳದ್ದಲ್ಲ. ಒಂದೇ ವಿಳಾಸದ ಎರಡು ಸೆನ್ಸರ್‌ಗಳಿದ್ದರೆ ಎರಡೂ ತಂತಿಯನ್ನು ಕೆಳಕ್ಕೆ ಎಳೆಯುತ್ತವೆ, ಪಟ್ಟಿಯಲ್ಲಿ ಕಾಣುವುದು ಒಂದೇ. ಇನ್ನೂ ವಿಚಿತ್ರವೆಂದರೆ ಓದುವಾಗ ದೋಷವೂ ಬರುವುದಿಲ್ಲ. ಒಂದು ಸೆನ್ಸರ್ 25 ಎಂದು, ಇನ್ನೊಂದು 26 ಎಂದು ಹೇಳುತ್ತಿದೆ ಎನ್ನೋಣ. ಬಿಟ್‌ಗಳಲ್ಲಿ ಅವು 11001 ಮತ್ತು 11010. ಸೊನ್ನೆಗೆ ಗೆಲುವಾದ್ದರಿಂದ ಕಂಟ್ರೋಲರಿಗೆ ಕೇಳಿಸುವುದು 11000, ಅಂದರೆ 24. ಇಬ್ಬರೂ ಹೇಳದ, ಆದರೆ ಯಾರೂ ಅನುಮಾನಿಸದ ಸಂಖ್ಯೆ! ಸಿಆರ್‌ಸಿಯಂಥ ಕಾವಲು ಇಲ್ಲದ ಸೆನ್ಸರ್ ಆದರೆ ಈ ಸುಳ್ಳು ವರ್ಷಗಟ್ಟಲೆ ಬಾಳಬಲ್ಲದು. ಅದಕ್ಕೆ ಹೋಲಿಸಿದರೆ ನಿಮ್ಮ ಆರ್‌ಎಸ್-485ರ ರಂಪವೇ ಪ್ರಾಮಾಣಿಕವಾದದ್ದು.

ಇದೇ ‘ಸೊನ್ನೆಗೆ ಗೆಲುವು’ ಗುಣವನ್ನು ವರವಾಗಿ ಮಾಡಿಕೊಂಡದ್ದು ಡಲ್ಲಾಸ್ ಸೆಮಿಕಂಡಕ್ಟರ್ ಕಂಪನಿಯ ಒನ್‌-ವೈರ್. ಡಿಎಸ್18ಬಿ20 ಎಂಬ ತಾಪಮಾನದ ಚಿಪ್ಪನ್ನು ನೀವು ಬಳಸಿರಬಹುದು. ಈ ಕುಟುಂಬದ ಪ್ರತಿ ಚಿಪ್ಪಿನಲ್ಲೂ ಕಾರ್ಖಾನೆಯಲ್ಲೇ ಕೆತ್ತಿದ 64 ಬಿಟ್‌ಗಳ ಗುರುತು ಇರುತ್ತದೆ: 8 ಬಿಟ್ ಜಾತಿಗೆ, 48 ಬಿಟ್ ಕ್ರಮಸಂಖ್ಯೆಗೆ, 8 ಬಿಟ್ ತಾಳೆ ನೋಡಲು. ಎರಡು ಚಿಪ್‌ಗಳಿಗೆ ಒಂದೇ ಗುರುತು ಇರುವುದಿಲ್ಲ. ಸರಿ, ಆದರೆ ಆ ಗುರುತುಗಳು ಕಂಟ್ರೋಲರಿಗೆ ಗೊತ್ತಿಲ್ಲವಲ್ಲ? 64 ಬಿಟ್‌ಗಳ ಎಲ್ಲ ಸಂಖ್ಯೆಗಳನ್ನೂ ಒಂದೊಂದಾಗಿ ಕರೆಯುತ್ತ ಕುಳಿತರೆ ಯುಗಗಳೇ ಬೇಕು.

ಅದರ ಬದಲು ಕಂಟ್ರೋಲರ್ ಕೇಳುವುದು ಹೀಗೆ: ‘ಎಲ್ಲರೂ ನಿಮ್ಮ ಗುರುತಿನ ಮೊದಲ ಬಿಟ್ ಹೇಳಿ’. ಆಮೇಲೆ, ‘ಈಗ ಅದೇ ಬಿಟ್ಟನ್ನು ತಲೆಕೆಳಗು ಮಾಡಿ ಹೇಳಿ’. ಎಲ್ಲರ ಬಿಟ್ಟೂ ಸೊನ್ನೆಯಾಗಿದ್ದರೆ ಮೊದಲು ಸೊನ್ನೆ, ಆಮೇಲೆ ಒಂದು ಕೇಳಿಸುತ್ತದೆ. ಎಲ್ಲರದೂ ಒಂದಾಗಿದ್ದರೆ ಅದರ ವಿರುದ್ಧ. ಎರಡು ಸಲವೂ ಸೊನ್ನೆಯೇ ಕೇಳಿಸಿದರೆ? ಗುಂಪಿನಲ್ಲಿ ಎರಡೂ ಬಗೆಯವರಿದ್ದಾರೆ, ಇಲ್ಲೊಂದು ಕವಲಿದೆ ಎಂದರ್ಥ. ಎರಡು ಸಲವೂ ‘1’ ಕೇಳಿಸಿದರೆ ತಂತಿಯ ಮೇಲೆ ಯಾರೂ ಇಲ್ಲ. ಆಮೇಲೆ ಕಂಟ್ರೋಲರ್ ತಾನೇ ಒಂದು ಬಿಟ್ ಬರೆಯುತ್ತದೆ: ‘ಸೊನ್ನೆಯವರು ಮಾತ್ರ ಉಳಿಯಿರಿ’. ಒಂದರವರು ಮುಂದಿನ ರೀಸೆಟ್‌ವರೆಗೆ ತೆಪ್ಪಗಾಗುತ್ತಾರೆ.

ಮೂರೇ ಬಿಟ್‌ಗಳ ಗುರುತುಳ್ಳ ಮೂರು ಚಿಪ್‌ಗಳನ್ನು ಕಲ್ಪಿಸಿಕೊಳ್ಳಿ: 001, 011, 101. ಮೊದಲ ಬಿಟ್ಟಿನಲ್ಲೇ ಕವಲು. ಸೊನ್ನೆಯ ದಾರಿ ಹಿಡಿದರೆ 101 ಕಳಚಿಕೊಂಡಿತು. ಎರಡನೆಯ ಬಿಟ್ಟಿನಲ್ಲಿ ಮತ್ತೆ ಕವಲು. ಮತ್ತೆ ಸೊನ್ನೆ, 011 ಕಳಚಿಕೊಂಡಿತು. ಮೂರನೆಯದರಲ್ಲಿ ಗೊಂದಲವಿಲ್ಲ, ಒಂದು. ಸಿಕ್ಕಿದ್ದು 001. ಎರಡನೆಯ ಸುತ್ತಿನಲ್ಲಿ ಕೊನೆಯ ಕವಲಿನವರೆಗೆ ಹಳೆಯ ದಾರಿಯಲ್ಲೇ ಹೋಗಿ, ಅಲ್ಲಿ ಈ ಸಲ ಒಂದರ ಕಡೆ ತಿರುಗಿದರೆ 011. ಮೂರನೆಯ ಸುತ್ತಿನಲ್ಲಿ ಮೊದಲ ಕವಲಿನಲ್ಲೇ ತಿರುಗಿದರೆ 101. ಎಷ್ಟು ಸಾಧನವೋ ಅಷ್ಟೇ ಸುತ್ತು. ಪ್ರತಿ ಸುತ್ತಿಗೂ 64 ಬಿಟ್‌ಗಳು, ಪ್ರತಿ ಬಿಟ್‌ಗೆ ಮೂರು ಹೆಜ್ಜೆ, ಪ್ರತಿ ಹೆಜ್ಜೆಗೆ 60 ಮೈಕ್ರೊಸೆಕೆಂಡಿಗಿಂತ ತುಸು ಹೆಚ್ಚು. ರೀಸೆಟ್ ಸೇರಿಸಿದರೆ ಒಂದು ಚಿಪ್ಪನ್ನು ಪತ್ತೆಹಚ್ಚಲು 14 ಮಿಲಿಸೆಕೆಂಡ್ ಆಸುಪಾಸು. ನಿಮ್ಮ ಹನ್ನೆರಡು ಸೆನ್ಸರ್‌ಗಳು ಇಂಥವಾಗಿದ್ದಿದ್ದರೆ ಸೆಕೆಂಡಿನ ಐದನೇ ಒಂದು ಭಾಗದೊಳಗೆ ಹಾಜರಿ ಮುಗಿದಿರುತ್ತಿತ್ತು. ಈ ಕ್ರಮವನ್ನು ಮೊದಲ ಸಲ ಕಾಗದದ ಮೇಲೆ ಬಿಡಿಸಿ ನೋಡಿದಾಗ ನನಗಾದ ಸಂತೋಷ ಇಂದಿಗೂ ನೆನಪಿದೆ. ನೀವೂ ನಾಲ್ಕು ಗುರುತುಗಳನ್ನು ಬರೆದುಕೊಂಡು ಪೆನ್ಸಿಲ್‌ನಿಂದ ಆಡಿ ನೋಡಿ. ಓದಿದರೆ ಅರ್ಧ ಅರ್ಥವಾಗುವುದು, ಆಡಿದರೆ ಪೂರ್ತಿ ಆಗುತ್ತದೆ.

ಒನ್‌-ವೈರ್‌ಗೆ ಪ್ರತಿ ಬಿಟ್ಟಿನಲ್ಲೂ ಎಲ್ಲರೂ ಒಂದೇ ತಾಳಕ್ಕೆ ಹೆಜ್ಜೆ ಹಾಕಬೇಕು. ಅಷ್ಟು ಬಿಗಿ ಇಲ್ಲದೆಯೂ ಇದೇ ಕೆಲಸ ಆಗುತ್ತದೆ ಎಂಬುದಕ್ಕೆ ದೀಪಗಳ ನಿಯಂತ್ರಣದ ಡಾಲಿ ಸಾಕ್ಷಿ. ಅದರ ವೇಗ ಸೆಕೆಂಡಿಗೆ 1,200 ಬಿಟ್ ಮಾತ್ರ. ಒಂದು ಸಾಲಿನಲ್ಲಿ 64 ವಿಳಾಸಗಳು. ಕಂಟ್ರೋಲರ್ ಮೊದಲು ಎಲ್ಲ ದೀಪಗಳಿಗೂ ‘ಮನಸ್ಸಿಗೆ ಬಂದ ಒಂದು ಸಂಖ್ಯೆಯನ್ನು ಆರಿಸಿಕೊಳ್ಳಿ’ ಎನ್ನುತ್ತದೆ. ಸಂಖ್ಯೆ 24 ಬಿಟ್‌ಗಳದ್ದು, ಅಂದರೆ ಸುಮಾರು 1 ಕೋಟಿ 68 ಲಕ್ಷ ಸಾಧ್ಯತೆಗಳು. ಆಮೇಲೆ ಕೇಳುತ್ತದೆ: ‘ನಿಮ್ಮಲ್ಲಿ ಯಾರದಾದರೂ ಸಂಖ್ಯೆ ಇಷ್ಟು ಅಥವಾ ಇದಕ್ಕಿಂತ ಕಡಿಮೆ ಇದೆಯೇ?’ ಒಬ್ಬರು ಹೌದೆಂದರೂ ಹೌದು, ಹತ್ತು ಜನ ಒಟ್ಟಿಗೆ ಹೌದೆಂದು ಗಲಾಟೆಯಾದರೂ ಹೌದು. ಮೌನಕ್ಕೆ ಮಾತ್ರ ‘ಇಲ್ಲ’ ಎಂದರ್ಥ. ಪ್ರತಿ ಪ್ರಶ್ನೆಗೂ ವ್ಯಾಪ್ತಿಯನ್ನು ಅರ್ಧಕ್ಕಿಳಿಸುತ್ತ ಹೋದರೆ ಸುಮಾರು 24 ಪ್ರಶ್ನೆಗಳಲ್ಲಿ ಅತಿ ಚಿಕ್ಕ ಸಂಖ್ಯೆಯ ದೀಪ ಒಂಟಿಯಾಗಿ ಸಿಕ್ಕಿಬೀಳುತ್ತದೆ. ಅದಕ್ಕೆ 0ಯಿಂದ 63ರೊಳಗಿನ ಒಂದು ವಿಳಾಸ ಕೊಟ್ಟು, ‘ನೀನಿನ್ನು ಈ ಆಟದಿಂದ ಹೊರಗೆ’ ಎಂದು ಹೇಳಿ, ಉಳಿದವರೊಂದಿಗೆ ಮತ್ತೆ ಮೊದಲಿನಿಂದ. ಪೂರ್ತಿ ಸಾಲಿಗೆ ಕೆಲವು ನಿಮಿಷ ಹಿಡಿಯುತ್ತದೆ. ಇಬ್ಬರು ಒಂದೇ ಸಂಖ್ಯೆ ಆರಿಸಿಕೊಂಡರೆ ಎಂದು ನೀವು ಕೇಳಬಹುದು. 64 ದೀಪಗಳಿಂದ 2,016 ಜೋಡಿಗಳಾಗುತ್ತವೆ. ಲೆಕ್ಕ ಹಾಕಿದರೆ ಹಾಗಾಗುವ ಸಂಭವ ಎಂಟು ಸಾವಿರಕ್ಕೊಂದು. ಆದರೂ ಆಗುತ್ತದೆ, ಆದಾಗ ಎರಡು ದೀಪಗಳು ಅವಳಿಗಳಂತೆ ಒಟ್ಟಿಗೆ ಹೊತ್ತಿ ಒಟ್ಟಿಗೆ ಆರುತ್ತವೆ. ಮತ್ತೆ ಸಂಖ್ಯೆ ಆರಿಸಲು ಹೇಳಿದರಾಯಿತು.

‘ಇದೆಲ್ಲ ಬೇರೆ ತಂತಿಗಳ ಕಥೆ, ಆರ್‌ಎಸ್-485ರಲ್ಲಿ ಆಗದು’ ಎಂದು ಕೆಲವರು ವಾದಿಸುತ್ತಾರೆ. ಅದು ತಪ್ಪು. ರಂಗದೀಪಗಳ ಆರ್‌ಡಿಎಂ ಇದೇ ಆರ್‌ಎಸ್-485 ತಂತಿಯ ಮೇಲೆ ಇದೇ ಜರಡಿಯಾಟವನ್ನು ಆಡುತ್ತದೆ. ಅದರಲ್ಲಿ ಪ್ರತಿ ದೀಪಕ್ಕೂ 48 ಬಿಟ್‌ಗಳ ಗುರುತು. ‘ಈ ಸಂಖ್ಯೆಯಿಂದ ಆ ಸಂಖ್ಯೆಯವರೆಗಿನವರು ಉತ್ತರಿಸಿ’ ಎಂದಾಗ ಮೌನವಾದರೆ ಆ ಕೊಂಬೆಯನ್ನೇ ಬಿಡು, ಸ್ಪಷ್ಟ ಉತ್ತರ ಬಂದರೆ ಒಬ್ಬ ಸಿಕ್ಕ, ಗಲಾಟೆಯಾದರೆ ವ್ಯಾಪ್ತಿಯನ್ನು ಎರಡು ಹೋಳು ಮಾಡಿ ಮತ್ತೆ ಕೇಳು. ಸಿಕ್ಕವನಿಗೆ ‘ಬಾಯಿ ಮುಚ್ಚಿಕೊಂಡಿರು’ ಎಂಬ ಆಜ್ಞೆ. ಹಾಗಾಗಿ ದೋಷ ನಿಮ್ಮ ತಂತಿಯದಲ್ಲ, ಅದರ ಮೇಲೆ ಆಡುತ್ತಿರುವ ಭಾಷೆಯದು. ಸಾಧನದೊಳಗೆ ಇನ್ನೊಬ್ಬರಿಗಿಲ್ಲದ ಒಂದು ಗುರುತು ಇರಬೇಕು, ಇಡೀ ಗುಂಪಿಗೆ ಹೌದು-ಇಲ್ಲ ಎಂಬ ಪ್ರಶ್ನೆ ಕೇಳಲು ಬರಬೇಕು, ಸಿಕ್ಕವರನ್ನು ಸುಮ್ಮನಿರಿಸಲು ಬರಬೇಕು. ಮಾಡ್‌ಬಸ್‌ನ ಸಾಮಾನ್ಯ ನಿಯಮಗಳಲ್ಲಿ ಈ ಮೂರಕ್ಕೂ ಜಾಗವಿಲ್ಲ. ಕೆಲವು ತಯಾರಕರು ಕ್ರಮಸಂಖ್ಯೆಯ ಮೂಲಕ ವಿಳಾಸ ಬದಲಿಸುವ ಸ್ವಂತ ಆಜ್ಞೆಯೊಂದನ್ನು ಸೇರಿಸಿರುತ್ತಾರೆ. ನಿಮ್ಮ ಸೆನ್ಸರಿನ ಕೈಪಿಡಿಯನ್ನು ಒಮ್ಮೆ ಕೊನೆಯ ಪುಟದವರೆಗೆ ಓದಿ. ಅದೃಷ್ಟವಿದ್ದರೆ ಏಣಿ ಬೇಕಾಗದು.

ಈಗ ಯುಎಸ್‌ಬಿ. ಅದು ಜಾಣ ಎನ್ನುವುದಕ್ಕಿಂತ ಅದಕ್ಕೆ ಕೆಲಸ ಸುಲಭ ಎನ್ನಬೇಕು. ಯುಎಸ್‌ಬಿಯಲ್ಲಿ ತಂತಿ ಎಲ್ಲರದೂ ಅಲ್ಲ, ಅದೊಂದು ಮರ. ಪ್ರತಿ ಸಾಧನವೂ ಹಬ್‌ನ ತನ್ನದೇ ಬಾಗಿಲಿಗೆ ಅಂಟಿಕೊಂಡಿರುತ್ತದೆ. ಹೊಸದು ಚುಚ್ಚಿದ ಕೂಡಲೇ ಯಾವ ಬಾಗಿಲಲ್ಲಿ ಎಂಬುದು ಹಬ್‌ಗೆ ತಿಳಿಯುತ್ತದೆ. ಕಂಪ್ಯೂಟರ್ ಆ ಬಾಗಿಲನ್ನು ಮಾತ್ರ ರೀಸೆಟ್ ಮಾಡುತ್ತದೆ. ರೀಸೆಟ್ ಆದ ಸಾಧನದ ವಿಳಾಸ 0. ಒಂದು ಹೊತ್ತಿಗೆ ಒಂದೇ ಸಾಧನ ಸೊನ್ನೆಯಲ್ಲಿರುವಂತೆ ನೋಡಿಕೊಂಡು, ಅದಕ್ಕೆ 1ರಿಂದ 127ರೊಳಗಿನ ಒಂದು ವಿಳಾಸ ಕೊಟ್ಟು, ಆಮೇಲಷ್ಟೇ ಇನ್ನೊಂದು ಬಾಗಿಲಿನ ಕಡೆ ತಿರುಗುತ್ತದೆ. ಸೊನ್ನೆ ಎಂಬುದು ಹೆಸರಿಡುವ ಮೊದಲಿನ ತೊಟ್ಟಿಲು ಎನ್ನಿ. ತೊಟ್ಟಿಲಲ್ಲಿ ಯಾವಾಗಲೂ ಒಂದೇ ಮಗು. ಈ ತೊಟ್ಟಿಲನ್ನು ನೆನಪಿಡಿ, ನಿಮಗೆ ಬೇಕಾಗುತ್ತದೆ.

ಇನ್ನೊಂದು ಬಗೆಯಿದೆ: ಗುರುತನ್ನೇ ಕೇಳದೆ ನಿಂತ ಜಾಗದಿಂದ ಹೆಸರಿಡುವುದು. ಬಣ್ಣದ ಎಲ್‌ಇಡಿ ಪಟ್ಟಿಗಳ ಡಬ್ಲ್ಯುಎಸ್2812 ಚಿಪ್‌ಗಳಿಗೆ ವಿಳಾಸವೇ ಇಲ್ಲ. ಮೊದಲ ಚಿಪ್ ತನಗೆ ಬಂದ ಮೊದಲ 24 ಬಿಟ್‌ಗಳನ್ನು ತಾನಿಟ್ಟುಕೊಂಡು ಉಳಿದದ್ದನ್ನು ಪಕ್ಕದವನಿಗೆ ದಾಟಿಸುತ್ತದೆ, ಅವನೂ ಹಾಗೆಯೇ. ಸಾಲಿನಲ್ಲಿ ಎಷ್ಟನೆಯವನು ಎಂಬುದೇ ವಿಳಾಸ. ಕಾರ್ಖಾನೆಗಳ ಈಥರ್‌ಕ್ಯಾಟ್‌ನಲ್ಲಿ ಸಂದೇಶ ಹಾದುಹೋಗುವಾಗ ಪ್ರತಿ ಸಾಧನವೂ ಅದರೊಳಗಿನ ಒಂದು ಎಣಿಕೆಗೆ ಒಂದನ್ನು ಕೂಡಿಸುತ್ತದೆ. ತನ್ನ ಬಳಿ ಬಂದಾಗ ಎಣಿಕೆ ಸೊನ್ನೆಯಾಗಿದ್ದರೆ ಆ ಸಂದೇಶ ತನ್ನದು. ಹೀಗೆ ಸ್ಥಾನದಿಂದ ಕರೆದು, ಆಮೇಲೆ ಖಾಯಂ ವಿಳಾಸ ಕೊಡುತ್ತಾರೆ.

ಯಜಮಾನನೇ ಇಲ್ಲದ ಜಾಲಗಳ ಮಾತು ಬೇರೆ, ಅದನ್ನು ಇಲ್ಲಿ ಹೆಚ್ಚು ಬೆಳೆಸುವುದಿಲ್ಲ. ಲಾರಿ, ಟ್ರ್ಯಾಕ್ಟರ್‌ಗಳ ಜೆ1939ರಲ್ಲಿ ಸಾಧನ ತಾನೇ ‘ಈ ವಿಳಾಸ ನನ್ನದು’ ಎಂದು ಸಾರುತ್ತದೆ. ಇಬ್ಬರು ಸಾರಿದರೆ 64 ಬಿಟ್‌ಗಳ ಹೆಸರು ಯಾರದು ಚಿಕ್ಕದೋ ಅವರದೇ ಗೆಲುವು. ಕಟ್ಟಡಗಳ ಬ್ಯಾಕ್‌ನೆಟ್‌ನಲ್ಲಿ ‘ಯಾರಿದ್ದೀರಿ?’ ಎಂದು ಕೂಗಿದರೆ ‘ನಾನಿದ್ದೇನೆ’ ಎಂಬ ಉತ್ತರಗಳು ಬರುತ್ತವೆ. ಮನೆಯ ವೈಫೈಗೆ ಸೇರಿದ ಫೋನು ಡಿಎಚ್‌ಸಿಪಿ ಸರ್ವರಿನಿಂದ ವಿಳಾಸ ಬೇಡಿ ಪಡೆಯುತ್ತದೆ. ಅಲ್ಲೆಲ್ಲ ಸಾಧನಕ್ಕೆ ತಾನಾಗಿ ಮಾತೆತ್ತುವ ಹಕ್ಕಿದೆ. ನಿಮ್ಮ ಸೆನ್ಸರ್‌ಗಳಿಗೆ ಆ ಹಕ್ಕಿಲ್ಲ.

ಈ ಎಲ್ಲ ಜಾಣತನದ ನಂತರವೂ ಒಂದು ಪ್ರಶ್ನೆ ಉಳಿದೇ ಇರುತ್ತದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ಕಂಟ್ರೋಲರ್ ಹನ್ನೆರಡು ಗುರುತುಗಳನ್ನು ಹುಡುಕಿತು, ಸರಿ. ಅವುಗಳಲ್ಲಿ ಬಾಗಿಲ ಪಕ್ಕದ್ದು ಯಾವುದು, ಕಿಟಕಿಯ ಮೇಲಿನದ್ದು ಯಾವುದು? 64 ಬಿಟ್‌ಗಳ ಕ್ರಮಸಂಖ್ಯೆಗೆ ಗೋಡೆ ಗೊತ್ತಿಲ್ಲ. ಡಾಲಿಯ ದೀಪಗಳಿಗೆ ವಿಳಾಸ ಹಂಚಿಯಾದ ಮೇಲೆ ಒಬ್ಬರು ಒಂದೊಂದು ದೀಪವನ್ನೇ ಮಿನುಗಿಸುತ್ತ, ಇನ್ನೊಬ್ಬರು ಕೋಣೆಯಿಂದ ಕೋಣೆಗೆ ನಡೆಯುತ್ತ ಪಟ್ಟಿ ಬರೆಯುವುದು ಇದಕ್ಕಾಗಿಯೇ. ದೀಪವಾದರೆ ಮಿನುಗುತ್ತದೆ, ತಾಪಮಾನದ ಸೆನ್ಸರಿಗೆ ನೀವು ಅಂಗೈ ಒತ್ತಿ ಹಿಡಿದು, ಪರದೆಯ ಮೇಲೆ ಯಾವ ಸಂಖ್ಯೆ ಏರುತ್ತದೆ ಎಂದು ಕಾಯಬೇಕು. ಸ್ಥಾನದಿಂದ ವಿಳಾಸ ಕೊಡುವ ಪದ್ಧತಿಯಲ್ಲಿ ಮಾತ್ರ ಈ ಉತ್ತರ ಪುಕ್ಕಟೆಯಾಗಿ ಬರುತ್ತದೆ. ಆದ್ದರಿಂದಲೇ ನಿಮಗೆ ನಾನು ಹೇಳುವುದು ಯುಎಸ್‌ಬಿಯ ತೊಟ್ಟಿಲು ಮತ್ತು ಈಥರ್‌ಕ್ಯಾಟ್‌ನ ಸಾಲು, ಎರಡನ್ನೂ ಕೈಯಿಂದ ಮಾಡುವ ದಾರಿ.

ನಿಮ್ಮ ತಂತಿ ಒಂದು ಸೆನ್ಸರಿನಿಂದ ಮುಂದಿನದಕ್ಕೆ ಸರಪಳಿಯಂತೆ ಹೋಗಿದೆ ಎಂದುಕೊಳ್ಳುತ್ತೇನೆ. ಕಂಟ್ರೋಲರಿಗೆ ಹತ್ತಿರದ ಸೆನ್ಸರಿನ ಬಳಿ ಹೋಗಿ, ಮುಂದಕ್ಕೆ ಹೊರಡುವ ತಂತಿಗಳ ಜೋಡಿಯನ್ನು ಮಾತ್ರ ಬಿಚ್ಚಿ. ಈಗ ತಂತಿಯ ಮೇಲಿರುವುದು ಒಂದೇ ಸಾಧನ. ವಿಳಾಸ 1ರಲ್ಲಿ ಅದನ್ನು ಓದಿ, ವಿಳಾಸದ ರಿಜಿಸ್ಟರಿಗೆ (ಸೆನ್ಸರಿನೊಳಗೆ ಆ ಸಂಖ್ಯೆಯನ್ನಿಡುವ ಜಾಗಕ್ಕೆ) 11 ಎಂದು ಬರೆಯಿರಿ. ಕೈಪಿಡಿ ಹೇಳಿದ್ದರೆ ವಿದ್ಯುತ್ ತೆಗೆದು ಮತ್ತೆ ಕೊಡಿ. 11ರಲ್ಲಿ ಉತ್ತರ, 1ರಲ್ಲಿ ಮೌನ, ಎರಡನ್ನೂ ನೋಡಿ. ಆಮೇಲೆ ಬಿಚ್ಚಿದ ಜೋಡಿಯನ್ನು ಸೇರಿಸಿ, ಎರಡನೆಯ ಸೆನ್ಸರಿನ ಬಳಿ ಮುಂದಿನ ಜೋಡಿಯನ್ನು ಬಿಚ್ಚಿ. ಈಗ ವಿಳಾಸ 1ರಲ್ಲಿರುವುದು ಎರಡನೆಯದೊಂದೇ. ಅದು 12 ಆಗಲಿ. ಹೀಗೆ 22ರವರೆಗೆ. ಯಾವ ಕ್ಷಣದಲ್ಲೂ ತೊಟ್ಟಿಲಲ್ಲಿ ಒಂದಕ್ಕಿಂತ ಹೆಚ್ಚು ಮಗು ಇರುವುದಿಲ್ಲ, ಮುಗಿಸುವಾಗ ವಿಳಾಸದ ಕ್ರಮವೂ ಗೋಡೆಯ ಕ್ರಮವೂ ಒಂದೇ ಆಗಿರುತ್ತದೆ. ತಂತಿ ಬಿಚ್ಚಲಾಗದ ಜಾಗದಲ್ಲಿ ಒಂದಕ್ಕೆ ಮಾತ್ರ ವಿದ್ಯುತ್ ಕೊಟ್ಟರೂ ಸಾಮಾನ್ಯವಾಗಿ ಇದೇ ಫಲ. ಸರಪಳಿಯ ಎರಡೂ ತುದಿಗಳಲ್ಲಿ 120 ಓಮ್ ರೆಸಿಸ್ಟರ್ ಇರಲಿ, ನಡುವೆ ಎಲ್ಲೂ ಬೇಡ.

ಒಂದು ಎಚ್ಚರಿಕೆ, ನನ್ನ ಬೆನ್ನ ಮೇಲಿನ ಬರೆಯಿಂದ. ವರ್ಷಗಳ ಹಿಂದೆ ಇಂಥದೇ ಒಂದು ಸಾಲಿನಲ್ಲಿ ಒಂದು ಮೀಟರಿನ ಹಳೆಯ ವಿಳಾಸ ನೆನಪಾಗಲಿಲ್ಲ. ಅದೊಂದಕ್ಕೇ ವಿದ್ಯುತ್ ಇದೆ ಎಂಬ ಧೈರ್ಯದಲ್ಲಿ, ಎಲ್ಲರಿಗೂ ಕೇಳಿಸುವ 0 ವಿಳಾಸಕ್ಕೆ ‘ಇನ್ನು ಮುಂದೆ ನೀನು 5’ ಎಂದು ಬರೆದೆ. ಉಳಿದವಕ್ಕೂ ವಿದ್ಯುತ್ ಇತ್ತು. ಎಲ್ಲವೂ ವಿಧೇಯವಾಗಿ 5 ಆದವು, ನಿಯಮದ ಪ್ರಕಾರ ಯಾವುದೂ ಉತ್ತರಿಸಲೂ ಇಲ್ಲ. ಸಂಜೆಯವರೆಗೆ ಏಣಿ ಹತ್ತಿ ಇಳಿದೆ. ವಿಳಾಸ ಬದಲಿಸುವ ಆಜ್ಞೆಯನ್ನು 0ಗೆ ಕಳಿಸದಂತೆ ನಿಮ್ಮ ಪ್ರೋಗ್ರಾಮಿನಲ್ಲೇ ಬೀಗ ಹಾಕಿಬಿಡಿ.

ಇನ್ನು ಆ ಪ್ರೋಗ್ರಾಂ. 1ನ್ನು ಶಾಶ್ವತವಾಗಿ ಖಾಲಿ ಬಿಟ್ಟಿದ್ದೀರಿ. ಹೊಸದಾಗಿ ಕೊಂಡ ಪ್ರತಿ ಸೆನ್ಸರೂ ಅಲ್ಲಿಗೇ ಬರುತ್ತದೆ. ಪರದೆಯ ಮೇಲೆ ‘ಹೊಸ ಸಾಧನ ಸೇರಿಸಿ’ ಎಂಬ ಗುಂಡಿ ಇಡಿ. ಒತ್ತಿದಾಗ 1ನ್ನು ಹತ್ತು ಸಲ ಕೇಳಲಿ. ಹತ್ತೂ ಸಲ ಮೌನವಾದರೆ ಯಾರೂ ಬಂದಿಲ್ಲ. ಹತ್ತೂ ಸಲ ಸ್ವಚ್ಛ ಉತ್ತರವಾದರೆ ಮುಂದಿನ ಖಾಲಿ ವಿಳಾಸಕ್ಕೆ ಸಾಗಿಸಲಿ. ಒಂದೇ ಒಂದು ಸಲ ಸಿಆರ್‌ಸಿ ಕೆಟ್ಟರೂ ಏನನ್ನೂ ಬರೆಯದೆ ‘ಒಂದಕ್ಕಿಂತ ಹೆಚ್ಚು ಸಾಧನಗಳಿರಬಹುದು, ತಂತಿಯನ್ನೂ ನೋಡಿ’ ಎನ್ನಲಿ. ಹಿನ್ನೆಲೆಯಲ್ಲಿ ತಾನಾಗಿಯೇ ನಡೆಯುವಂತೆ ಇದನ್ನು ಬರೆಯಬೇಡಿ: ಯಾರೋ ಎರಡು ಹೊಸ ಸೆನ್ಸರ್‌ಗಳನ್ನು ಒಟ್ಟಿಗೆ ಜೋಡಿಸಿ, ಅವು ದುರದೃಷ್ಟವಶಾತ್ ಒಂದೇ ದನಿಯಲ್ಲಿ ಉತ್ತರಿಸಿದರೆ, ಎರಡೂ ಕೂಡಿಯೇ ಹೊಸ ವಿಳಾಸಕ್ಕೆ ಹೋಗಿ ಕುಳಿತುಕೊಳ್ಳುತ್ತವೆ. ವಿಳಾಸ ಬರೆದ ಆಜ್ಞೆಗೆ ಕೆಲವು ಸಾಧನಗಳು ಹಳೆಯ ವಿಳಾಸದಿಂದ, ಕೆಲವು ಹೊಸದರಿಂದ ಉತ್ತರಿಸುತ್ತವೆ. ಹಾಗಾಗಿ ಅಲ್ಲಿ ಸಮಯ ಮೀರಿದರೆ ಸೋಲೆಂದು ಭಾವಿಸದೆ ಹೊಸ ವಿಳಾಸದಲ್ಲೊಮ್ಮೆ ಕೂಗಿ ನೋಡಬೇಕು.

1ರಿಂದ 247ರವರೆಗೆ ಪೂರ್ತಿ ಜಾಲಾಡುವ ಆಸೆ ಬಂದರೆ ಲೆಕ್ಕ ಇಟ್ಟುಕೊಳ್ಳಿ. ಪ್ರತಿ ಮೌನಕ್ಕೂ ಒಂದು ಸೆಕೆಂಡ್ ಕಾದರೆ ನಾಲ್ಕು ನಿಮಿಷ ದಾಟುತ್ತದೆ. ವೇಗವೂ ಪ್ಯಾರಿಟಿಯೂ (ಪ್ರತಿ ಬೈಟಿನ ತಪ್ಪು ಹಿಡಿಯುವ ಬಿಟ್ಟಿನ ಬಗೆ) ಗೊತ್ತಿಲ್ಲದೆ ನಾಲ್ಕು ವೇಗ, ಮೂರು ಪ್ಯಾರಿಟಿಗಳನ್ನು ಪ್ರಯತ್ನಿಸಿದರೆ ಹತ್ತಿರ ಹತ್ತಿರ 50 ನಿಮಿಷ. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಪ್ರಶ್ನೆ ಹೋಗಲು 9 ಮಿಲಿಸೆಕೆಂಡ್ ಸಾಕು. ಚುರುಕಾಗಿ ಉತ್ತರಿಸುವ ಸೆನ್ಸರ್ ಆದರೆ 100 ಮಿಲಿಸೆಕೆಂಡ್ ಕಾದರೂ ಆಗುತ್ತದೆ, ಆಗ ಒಂದು ಸುತ್ತು ಅರ್ಧ ನಿಮಿಷದೊಳಗೆ ಮುಗಿಯುತ್ತದೆ. ಜಾಲಾಡುವಾಗ ಓದುವ ಆಜ್ಞೆ ಮಾತ್ರ ಬಳಸಿ.

ಕೈಯಿಂದ ವಿಳಾಸ ಕೊಡುವುದು ಹಳೆಯ ಕಾಲದ ಪದ್ಧತಿ ಎಂದು ಬೇಸರಪಡಬೇಡಿ. ಮುಂದೆ ಒಂದು ಸೆನ್ಸರ್ ಕೆಟ್ಟಾಗ ಇದರ ಬೆಲೆ ತಿಳಿಯುತ್ತದೆ. ಒನ್‌-ವೈರ್ ಆಗಿದ್ದರೆ ಹೊಸ ಚಿಪ್ ಹೊಸ ಗುರುತಿನೊಂದಿಗೆ ಬರುತ್ತದೆ. ‘ಕಿಟಕಿಯದು ಕಾಣೆಯಾಗಿದೆ, ಯಾರೋ ಅಪರಿಚಿತ ಬಂದಿದ್ದಾನೆ’ ಎಂದು ಕಂಟ್ರೋಲರ್ ದೂರುತ್ತದೆ, ನೀವು ಪಟ್ಟಿ ತಿದ್ದಬೇಕು. ನಿಮ್ಮಲ್ಲಿ ಹಾಗಲ್ಲ. ಹೊಸ ಸೆನ್ಸರಿಗೆ ಹಳೆಯದರ 17 ಎಂಬ ಸಂಖ್ಯೆಯನ್ನೇ ಕೊಟ್ಟರೆ ಪ್ರೋಗ್ರಾಮಿನಲ್ಲಿ ಒಂದು ಅಕ್ಷರವನ್ನೂ ಬದಲಿಸಬೇಕಾಗಿಲ್ಲ. ಆ ಸಂಖ್ಯೆ 17 ಎಂದು ಅಂದು ಏಣಿ ಹತ್ತಿದವರಿಗೆ ಗೊತ್ತಾಗಬೇಕಷ್ಟೆ. ಅದಕ್ಕೆ ಪ್ರತಿ ಸೆನ್ಸರಿನ ಹಿಂದೆ ಗೋಡೆಯ ಮೇಲೆಯೇ ಅಳಿಸದ ಶಾಯಿಯಲ್ಲಿ ವಿಳಾಸ ಬರೆದಿಡಿ. ಮುಚ್ಚಳದ ಮೇಲೆ ಬರೆಯಬೇಡಿ, ಸ್ವಚ್ಛ ಮಾಡುವಾಗ ಮುಚ್ಚಳಗಳು ಅದಲುಬದಲಾಗುತ್ತವೆ.